ಮೃದಂಗದ ಪಾಠಕ್ಕೆ ನಾಲ್ವರು

ಮಗನನ್ನೋ ಮಗಳನ್ನೋ ಮೃದಂಗಕ್ಕೆ ಸೇರಿಸಲು ಹೊರಟ ತಂದೆತಾಯಿ ಮೊದಲು ವಿಚಾರಿಸುವುದು, ‘ಒಬ್ಬರಿಗೇ ಪಾಠ ಮಾಡ್ತೀರಾ?’ ಎಂದು. ಒಬ್ಬರಿಗೇ ಆದರೆ ಮೇಷ್ಟ್ರ ಗಮನವೆಲ್ಲ ನಮ್ಮ ಮಗುವಿನ ಮೇಲೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬ ಲೆಕ್ಕಾಚಾರ. ವೀಣೆಗೆ, ಹಾಡುಗಾರಿಕೆಗೆ ಅದು ಸರಿಯಿದ್ದೀತು. ತಾಳವಾದ್ಯಕ್ಕೆ ಮಾತ್ರ ಮೂರು ನಾಲ್ಕು ಜನ ಕೂಡಿ ಕಲಿಯುವುದೇ ಮೇಲು ಎನ್ನುತ್ತೇನೆ ನಾನು. ಶುಲ್ಕ ಹಂಚಿಹೋಗುತ್ತದೆ ಎಂಬ ಕಾರಣಕ್ಕಲ್ಲ.

ಮೃದಂಗ ನುಡಿಸುವವರ ಎರಡು ಕೈಯೂ ವಾದ್ಯದ ಮೇಲೇ ಇರುತ್ತವೆ, ತಾಳ ಹಾಕಲು ಮೂರನೆಯ ಕೈ ಇಲ್ಲ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ ಎರಡನೆಯ ಕಾಲದಿಂದ ಅದರ ದುಪ್ಪಟ್ಟು ವೇಗದ ಮೂರನೆಯದಕ್ಕೆ ಹೋದೊಡನೆ ಕೈ ಓಡತೊಡಗುತ್ತದೆ, ಮನಸ್ಸಿನೊಳಗಿನ ತಾಳವೂ ಅದರ ಬೆನ್ನಿಗೇ ಓಡುತ್ತದೆ. ಎರಡೂ ಒಟ್ಟಿಗೆ ಓಡಿದ ಮೇಲೆ ತಪ್ಪು ತಿಳಿಯುವುದೆಲ್ಲಿಂದ? ಎದುರಿಗೆ ಮೂವರು ಆದಿತಾಳದ ಎಂಟು ಅಕ್ಷರಗಳನ್ನು ಹಾಕುತ್ತ ಕೂತಿದ್ದರೆ ಓಡಿದ್ದು ಆ ಕ್ಷಣವೇ ಬಯಲಾಗುತ್ತದೆ. ತಾಳ ಹಾಕುವವರೇನು ಸುಮ್ಮನೆ ಕೂತವರಲ್ಲ. ಏಳು ಅಕ್ಷರದ ಮಿಶ್ರಛಾಪು ಹಾಕುತ್ತಿರುವಾಗ ನುಡಿಸುವವನು ಐದೈದರ ಲೆಕ್ಕ ಹಿಡಿದು ಹೊರಟರೆ ಅವನ ಸೆಳೆತಕ್ಕೆ ಸಿಗದೆ ನಿಲ್ಲುವುದು ನುಡಿಸುವುದಕ್ಕಿಂತ ಕಷ್ಟ. ಲಯ ಗಟ್ಟಿಯಾಗುವುದು ಅಲ್ಲಿಯೇ.

ಇನ್ನು ಕಚೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದ ಕೊರಪ್ಪು. ಮೃದಂಗ ಎರಡು ಆವರ್ತ ನುಡಿಸಿದರೆ ಘಟವೂ ಅಷ್ಟೇ ನುಡಿಸಬೇಕು. ಆಮೇಲೆ ಒಂದೊಂದು, ಅರ್ಧರ್ಧ, ಹೀಗೆ ಇಳಿಯುತ್ತ ಬಂದು ಇಬ್ಬರೂ ಸೇರಿ ಮುಕ್ತಾಯಕ್ಕೆ ಹೋಗಬೇಕು. ಗುರುವೇ ಎದುರಿಗಿದ್ದರೆ ಶಿಷ್ಯ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾನೆ. ಸರೀಕ ಎದುರಿಗಿದ್ದರೆ ಉತ್ತರ ಹುಡುಕುತ್ತಾನೆ, ಎರಡು ಸಲ ಸೋತ ಮೇಲೆ ಮೂರನೆಯ ಸಲ ತನ್ನದೇ ಏನನ್ನೋ ಹೊಸೆಯುತ್ತಾನೆ. ಮನೋಧರ್ಮ ಎಂದು ದೊಡ್ಡದಾಗಿ ಕರೆಯುವುದರ ಆರಂಭ ಇಷ್ಟೇ.

ಮೊಬೈಲಿನಲ್ಲೇ ಮೆಟ್ರೊನೋಮ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಕೆಲಸಕ್ಕೂ ಬರುತ್ತದೆ. ಆದರೆ ಅದು ನಮ್ಮ ಮುಖ ನೋಡುವುದಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಾಸೆಲೊ ಎರಡೂವರೆಯಿಂದ ನಾಲ್ಕೂವರೆ ವಯಸ್ಸಿನ ಮಕ್ಕಳ ಕೈಗೆ ಡ್ರಮ್ ಕೊಟ್ಟು ಪರೀಕ್ಷೆ ನಡೆಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡಿಯುವ ಯಂತ್ರದ ಜೊತೆಗಿಂತ, ಸ್ಪೀಕರಿನ ಸದ್ದಿನ ಜೊತೆಗಿಂತ, ಮನುಷ್ಯರೊಬ್ಬರ ಜೊತೆ ಬಾರಿಸುವಾಗ ಮಕ್ಕಳ ಪೆಟ್ಟು ಚೆನ್ನಾಗಿ ಕೂಡಿಬಂತು. ನಮ್ಮ ಡೊಳ್ಳಿನವರಿಗೆ ಇದು ಹೊಸ ಸುದ್ದಿಯೇನಲ್ಲ. ಡೊಳ್ಳುಕುಣಿತ ಒಂಟಿಯಾಗಿ ಕಲಿಯುವ ಕಲೆಯೇ ಅಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಆರಂಭಿಸಿದ ಟಿ.ಎ.ಎಸ್. ಮಣಿ ಅವರು ತಾಳವಾದ್ಯಗಳನ್ನೇ ಕೂಡಿಸಿ ‘ತಾಳ ತರಂಗಿಣಿ’ ಮೇಳ ಕಟ್ಟಿದ್ದರ ಹಿಂದೆಯೂ ಲಯವೆಂದರೆ ಕೂಡಿ ನುಡಿಸುವುದು ಎಂಬ ತಿಳಿವಳಿಕೆ ಇತ್ತೆಂದು ನನಗನಿಸುತ್ತದೆ.

ಹಾಗೆಂದು ಗುಂಪಿನ ಪಾಠವೆಲ್ಲ ಒಳ್ಳೆಯದೆಂದಲ್ಲ. ತ, ದಿ, ತೊಂ, ನಂ ಎಂಬ ಮೊದಲ ಪಾಠದಲ್ಲಿ ಬೆರಳು ಎಲ್ಲಿ ಬೀಳಬೇಕು, ಮಣಿಕಟ್ಟು ಎಷ್ಟು ಸಡಿಲವಿರಬೇಕು ಎಂಬುದನ್ನು ಗುರು ಹತ್ತಿರ ಕೂತು ಒಬ್ಬೊಬ್ಬರಿಗೇ ತಿದ್ದಬೇಕು. ಆಗ ಕೆಟ್ಟ ಕೈ ಆಮೇಲೆ ಸುಲಭಕ್ಕೆ ಸರಿಹೋಗದು. ಗುಂಪು ಎಂಟು ಹತ್ತಕ್ಕೆ ಏರಿತೆಂದರೆ ಅಳುಕಿನ ಮಗು ಉಳಿದವರ ಸದ್ದಿನಲ್ಲಿ ಅಡಗಿಕೊಳ್ಳುತ್ತದೆ, ಚುರುಕಿನದು ಬೇಸತ್ತು ಆಕಳಿಸುತ್ತದೆ. ಡ್ರಮ್ ಸೆಟ್ ಆದರಂತೂ ನಾಲ್ಕು ಸೆಟ್ಟು ಒಂದೇ ಕೋಣೆಯಲ್ಲಿ ಮೊಳಗಿದರೆ ಕಿವಿಗೇ ಅಪಾಯ. ಒಬ್ಬರು ಸೆಟ್ಟಿನ ಮೇಲೆ, ಮಿಕ್ಕವರು ರಬ್ಬರ್ ಪ್ಯಾಡಿನ ಮೇಲೆ, ಸರದಿಯಂತೆ ಬದಲಾಗುತ್ತಿರಬೇಕು. ಮೃದಂಗದವರಿಗೆ ಆ ತಾಪತ್ರಯ ಕಡಿಮೆ. ಸೊಲ್ಲುಕಟ್ಟನ್ನು, ಎಂದರೆ ಪೆಟ್ಟುಗಳ ಅಕ್ಷರಗಳನ್ನು, ಬಾಯಲ್ಲಿ ಹೇಳುತ್ತ ಕೈಯಲ್ಲಿ ತಾಳ ಹಾಕಿದರೆ ಅರ್ಧ ಪಾಠ ವಾದ್ಯ ಮುಟ್ಟದೆಯೇ ಮುಗಿಯುತ್ತದೆ.

ಆದ್ದರಿಂದ ಸೇರಿಸುವ ಮುಂಚೆ ಒಂದು ದಿನ ಪಾಠದ ಹೊತ್ತಿಗೇ ಹೋಗಿ ಮೂಲೆಯಲ್ಲಿ ಕೂತು ನೋಡಿ. ನುಡಿಸದೆ ಕೂತ ಮಕ್ಕಳ ಕೈ ಏನು ಮಾಡುತ್ತಿದೆ ಎಂದು ಗಮನಿಸಿ. ತಾಳ ಹಾಕುತ್ತಿದ್ದರೆ ಶುಲ್ಕ ಕಟ್ಟಿ ಬನ್ನಿ. ಎಲ್ಲರೂ ಒಂದೇ ಪಾಠವನ್ನು ಒಟ್ಟಿಗೆ ಬಡಿಯುತ್ತಿದ್ದು, ಗುರುಗಳು ಫೋನು ನೋಡುತ್ತಿದ್ದರೆ ಬೇರೆ ಮನೆ ಹುಡುಕಿ.