ಹಂಸಪಾದವಿಲ್ಲದ ಓಲೆ

ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹರಿದಾಡುವ ಮನೆಮದ್ದಿನ ಸಲಹೆ, ಇತಿಹಾಸದ ‘ಗುಟ್ಟು’, ಮಕ್ಕಳ ಕಳ್ಳರ ಬಗೆಗಿನ ಎಚ್ಚರಿಕೆ ಮುಂತಾದ ಸಂದೇಶಗಳ ಕೊನೆಗೆ ಒಂದು ಸಾಲು ಕಾಯಂ ಆಗಿ ಕುಳಿತಿರುತ್ತದೆ: ಬಂದದ್ದನ್ನು ಬಂದ ಹಾಗೆ ಕಳಿಸಲಾಗಿದೆ. ಕಳಿಸಿದವರು ಇದನ್ನು ವಿನಯವೆಂದೋ ಪ್ರಾಮಾಣಿಕತೆಯೆಂದೋ ಭಾವಿಸಿರಬಹುದು; ಆದರೆ ಕರ್ಮಣಿ ಪ್ರಯೋಗದ ಆ ವಾಕ್ಯದಲ್ಲಿ ಕಳಿಸಿದವರು ಯಾರೆಂಬುದಕ್ಕೆ ಜಾಗವೇ ಇಲ್ಲ. ವ್ಯಾಕರಣದ ಮರೆಯಲ್ಲಿ ಹೊಣೆ ಜಾರಿಸುವ ಇಂಥ ‘ಲಾಗಿದೆ’ಗಳ ಮೇಲೆ ಈ ಅಂಕಣಕ್ಕಿರುವ ಹಳೆಯ ಮುನಿಸು ಓದುಗರಿಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಮತ್ತೆ ಕೆದಕಬೇಕಾಗಿಲ್ಲ. ಕಾಡುವ ಸಂಗತಿ ಬೇರೆಯದು: ಈ ಸಾಲು ಮೊಬೈಲಿನ ಕಾಲದ ಹೊಸ ಸೃಷ್ಟಿಯಲ್ಲ, ಓಲೆಗರಿಯ ಕಾಲದಿಂದಲೂ ನಡೆದುಬಂದದ್ದು.

ಲಿಪಿಕಾರರ ವಿಷಯ ಬಂದರೆ ಈ ಅಂಕಣ ದಾರಿ ಬಿಡುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೂ ಈ ಸಲ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದು ಪ್ರತಿಯನ್ನು ಮುಂದಿಟ್ಟುಕೊಂಡು ಇನ್ನೊಂದು ಪ್ರತಿ ಮಾಡುತ್ತಿದ್ದ ಈ ಜನ ಗ್ರಂಥದ ಕೊನೆಗೆ ಬರೆದ ಮಾತುಗಳಿಗೆ ಪುಷ್ಪಿಕೆ ಎಂದು ಹೆಸರು. ದೇಶದ ಉದ್ದಗಲಕ್ಕೂ ಕೈಯಿಂದ ಕೈಗೆ ದಾಟಿದ ಕೆಲವು ಸಂಸ್ಕೃತ ಶ್ಲೋಕಗಳು ಇಂಥ ಪುಷ್ಪಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬೆನ್ನು, ಸೊಂಟ, ಕತ್ತು ಮುರಿಯುವಷ್ಟು ಕಷ್ಟಪಟ್ಟು ಬರೆದದ್ದನ್ನು ಜೋಪಾನವಾಗಿ ಕಾಪಾಡಬೇಕೆಂದು ಒಂದು ಕೇಳಿಕೊಂಡರೆ, ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ರಕ್ಷಿಸಬೇಕೆಂದೂ ಮೂರ್ಖನ ಕೈಗೆ ಕೊಡಬಾರದೆಂದೂ ಇನ್ನೊಂದು ಹೇಳುತ್ತದೆ. ಮೂರನೆಯದು ಇಲ್ಲಿ ಪ್ರಸ್ತುತವಾದದ್ದು: ನೋಡಿದ ಪುಸ್ತಕ ಹೇಗಿತ್ತೋ ಹಾಗೆಯೇ ಬರೆದದ್ದಾಗಿದೆ, ಅದು ಶುದ್ಧವಾಗಿರಲಿ ಅಶುದ್ಧವಾಗಿರಲಿ ದೋಷ ಬರೆದವನದಲ್ಲ ಎಂಬುದು ಅದರ ತಾತ್ಪರ್ಯ. ವಾಟ್ಸ್‌ಆ್ಯಪ್‌ನ ಸಾಲು ಇದರದೇ ಮೊಮ್ಮಗುವಿನಂತೆ ತೋರುತ್ತದೆ.

ಲಿಪಿಕಾರನಿಗೆ ಹೀಗೆ ಹೇಳುವ ಹಕ್ಕು ಎಲ್ಲಿಂದ ಬಂತೆಂಬುದನ್ನು ತಿಳಿಯಲು ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಓಲೆಗರಿಯ ಮೇಲೆ ಬರೆಯುವುದೆಂದರೆ ಕಂಟದಿಂದ, ಅಂದರೆ ಚೂಪು ಮೊನೆಯ ಕಬ್ಬಿಣದ ಲೇಖನಿಯಿಂದ, ಅಕ್ಷರವನ್ನು ಕೊರೆಯುವುದು. ಕೊರೆಯುವಾಗ ಅಕ್ಷರ ಸ್ಪಷ್ಟವಾಗಿ ಕಾಣುವುದಿಲ್ಲ. ಆಮೇಲೆ ಮಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಸಾಲು ಎದ್ದುಬರುತ್ತದೆ. ಹೀಗಾಗಿ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಅದು ಓಲೆಯಲ್ಲಿ ಊರಿಹೋಗಿರುತ್ತದೆ, ಅಳಿಸಲು ಬರುವುದಿಲ್ಲ. ಉಳಿಯುವ ದಾರಿ ಎಂದರೆ ತಪ್ಪಿದ ಅಕ್ಷರದ ಮೇಲೆ ಗೀರೆಳೆಯುವುದು, ಬಿಟ್ಟುಹೋದ ಪದವಿದ್ದರೆ ಅದರ ಜಾಗದಲ್ಲಿ ಹಕ್ಕಿಯ ಹೆಜ್ಜೆಯಂಥ ಗುರುತು ಹಾಕಿ ಪದವನ್ನು ಸಾಲಿನ ಆಚೆಗೋ ಅಂಚಿಗೋ ಬರೆಯುವುದು. ಆ ಗುರುತೇ ಹಂಸಪಾದ.

ಹಲವು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಪಾಠವನ್ನು ಹುಡುಕುವ ಗ್ರಂಥಸಂಪಾದನೆಗೆ ಕನ್ನಡದಲ್ಲಿ ಶಾಸ್ತ್ರೀಯ ಚೌಕಟ್ಟು ಕೊಟ್ಟವರಲ್ಲಿ ಡಿ.ಎಲ್. ನರಸಿಂಹಾಚಾರ್ ಪ್ರಮುಖರು. ಈ ವಿದ್ಯೆಯಲ್ಲಿ ಪಳಗಿದವರು ಏನೂ ತಿಳಿಯದ ಲಿಪಿಕಾರನಿಗಿಂತ ಅರೆಬರೆ ತಿಳಿದವನಿಗೆ ಹೆಚ್ಚು ಅಂಜುತ್ತಾರೆ. ಏನೂ ತಿಳಿಯದವನು ತಪ್ಪನ್ನು ತಪ್ಪಾಗಿಯೇ ಇಳಿಸಿಕೊಳ್ಳುವುದರಿಂದ ಅದು ಮುಂದಿನವರ ಕಣ್ಣಿಗೆ ಬೀಳುತ್ತದೆ. ಅರೆಬರೆ ತಿಳಿದವನು ಅರ್ಥವಾಗದ ಹಳೆಯ ಪದವನ್ನು ತೆಗೆದು ಅರ್ಥವಾಗುವ ಹೊಸ ಪದವನ್ನು ಗುಟ್ಟಾಗಿ ಕೂರಿಸುತ್ತಾನೆ, ಸಾಲು ಸೊಗಸಾಗಿ ಓದಿಸಿಕೊಳ್ಳುತ್ತದೆ, ಕವಿಯ ಮಾತು ಮಾತ್ರ ಕಳೆದುಹೋಗಿರುತ್ತದೆ. ತಿದ್ದುವುದು ದೋಷವಲ್ಲ, ತಿದ್ದಿದ ಗುರುತನ್ನು ಮುಚ್ಚುವುದು ದೋಷ.

ಇನ್ನೊಂದು ಸಂಗತಿಯೂ ಉಂಟು. ದೋಷ ತನ್ನದಲ್ಲವೆನ್ನುವ ಲಿಪಿಕಾರ ಬಹಳಷ್ಟು ಸಲ ಸಂವತ್ಸರ, ಮಾಸ, ತಿಥಿ, ಊರು, ತನ್ನ ಹೆಸರು, ಯಾರಿಗಾಗಿ ಬರೆದದ್ದು ಎಂಬುದನ್ನೆಲ್ಲ ಪುಷ್ಪಿಕೆಯಲ್ಲಿ ನಮೂದಿಸುತ್ತಾನೆ. ಅವನ ಮುಂದೆ ಮಾತೃಕೆ, ಅಂದರೆ ನೋಡಿ ಬರೆಯಲು ಆಧಾರವಾದ ಪ್ರತಿ, ಇದ್ದೇ ಇರುತ್ತದೆ. ವಾಟ್ಸ್‌ಆ್ಯಪ್‌ನ ಮೊಮ್ಮಗು ಅಜ್ಜನ ಆಸ್ತಿಯಲ್ಲಿ ನಿರಾಕರಣೆಯನ್ನಷ್ಟೇ ಎತ್ತಿಕೊಂಡು ಹೆಸರು, ತಿಥಿ, ಮಾತೃಕೆಗಳನ್ನು ಬಿಟ್ಟುಬಂದಿದೆ.

ಹಾಗಾದರೆ ಹೆಸರಿಲ್ಲದಿರುವುದೇ ರೋಗ, ಎಲ್ಲರ ಖಾತೆಗೂ ಗುರುತಿನ ಚೀಟಿ ಜೋಡಿಸಿದರೆ ಅಂತರ್ಜಾಲ ಶುದ್ಧವಾಗುತ್ತದೆ ಎಂದು ಸಭೆಗಳಲ್ಲಿ ಗಂಟಲೇರಿಸುವವರ ವಾದವೇ ಗೆದ್ದಂತಾಯಿತೇ? ಆ ವಾದದ ಸೋಮಾರಿತನವನ್ನು ಸಹಿಸುವುದು ಕಷ್ಟ. ಕುಟುಂಬದ ಗ್ರೂಪಿನಲ್ಲಿ ಸುಳ್ಳನ್ನು ತಂದು ಸುರಿಯುವವರು ಹೆಸರು, ಫೋನ್ ನಂಬರು, ಕುಲಗೋತ್ರಗಳೆಲ್ಲ ಗೊತ್ತಿರುವ ಸೋದರಮಾವಂದಿರೇ. ಬಸವಣ್ಣನವರು ಕೂಡಲಸಂಗಮದೇವನ ಹೆಸರಿನಲ್ಲಿ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ವಚನ ಮುಗಿಸಿದ್ದನ್ನು ಬಲ್ಲ ಕನ್ನಡಿಗರಿಗೆ, ಅಂಕಿತ ಬೇರೆ ವಂಚನೆ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾದ ಸ್ಥಿತಿ ಬಂದಿರುವುದು ಸೋಜಿಗ.

ಇದಕ್ಕೆ ಒಳ್ಳೆಯ ನಿದರ್ಶನ ವಿಕಿಪೀಡಿಯ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಕೂಡಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಅಲ್ಲಿ ಅಡ್ಡಹೆಸರಿನವರೂ ಇದ್ದಾರೆ, ಸ್ವಂತ ಹೆಸರಿನವರೂ ಇದ್ದಾರೆ. ಪ್ರತಿ ಲೇಖನದ ಹಿಂದೆಯೂ ಯಾವ ಖಾತೆ ಯಾವ ದಿನ, ಯಾವ ಗಳಿಗೆಯಲ್ಲಿ ಏನು ಸೇರಿಸಿತು, ಏನು ತೆಗೆಯಿತು ಎಂಬ ‘ಇತಿಹಾಸ’ವಿರುತ್ತದೆ, ಅದು ತಾನಾಗಿ ಬರೆದುಕೊಳ್ಳುವ ಪುಷ್ಪಿಕೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಸ್ಜೇ ಎಂಬ ಅಡ್ಡಹೆಸರಿನ ಸಂಪಾದಕನೊಬ್ಬ ತಾನು ದೇವತಾಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡಿದ್ದ. 2006ರಲ್ಲಿ ನ್ಯೂಯಾರ್ಕರ್ ಪತ್ರಿಕೆ ಅದನ್ನು ನಂಬಿ ಬರೆಯಿತು. ಮರುವರ್ಷ, ಆತ ಇಪ್ಪತ್ತನಾಲ್ಕರ ತರುಣ, ಪ್ರಾಧ್ಯಾಪಕನಲ್ಲ ಎಂಬುದು ಬಯಲಾಯಿತು. ವಿಕಿಪೀಡಿಯದ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಮೊದಲಿಗೆ ಅದೊಂದು ಅಡ್ಡಹೆಸರಷ್ಟೇ ಎಂದು ತಳ್ಳಿಹಾಕಿದರು. ಚರ್ಚೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಲು ಆ ಇಲ್ಲದ ಪದವಿಯನ್ನು ಬಳಸಿದ್ದು ಕಂಡುಬಂದ ಮೇಲೆ ರಾಜೀನಾಮೆ ಕೇಳಿದರು. ಅಡ್ಡಹೆಸರು ಅಂಕಿತ, ಇಲ್ಲದ ಪದವಿ ವಂಚನೆ. ಇವೆರಡನ್ನು ಬೇರ್ಪಡಿಸಲು ವೇಲ್ಸ್ ಅವರಿಗೂ ಕೆಲವು ದಿನ ಹಿಡಿಯಿತು.

ಆದರೆ ಪುಷ್ಪಿಕೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯ ವಿಕಿಪೀಡಿಯದಲ್ಲಿ ಸಾವಿರಾರು ಲೇಖನಗಳನ್ನು ಬರೆದವನು ಆ ನುಡಿಯನ್ನೇ ಬಾರದ ಒಬ್ಬ ಅಮೆರಿಕದ ಹುಡುಗ ಎಂಬುದು 2020ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂತು. ಅವನು ಯಾವುದನ್ನೂ ಬಚ್ಚಿಟ್ಟಿರಲಿಲ್ಲ, ಅವನ ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ, ಪ್ರತಿ ತಿದ್ದುಪಡಿಯೂ ಇತಿಹಾಸದಲ್ಲಿ ದಾಖಲಾಗಿತ್ತು. ಅರೆಬರೆ ತಿಳಿದ ಲಿಪಿಕಾರನಂತೆ ಅವನು ಇಂಗ್ಲಿಷ್ ಪದಗಳಿಗೆ ಸ್ಕಾಟ್ಸ್ ವೇಷ ತೊಡಿಸುತ್ತ ವರ್ಷಗಟ್ಟಲೆ ನಡೆದ, ಬಲ್ಲವರು ಬಂದು ಗಟ್ಟಿಯಾಗಿ ತಡೆಯಲಿಲ್ಲ. ಹೆಸರು, ತಿಥಿ, ಕೈಗುರುತು ಎಲ್ಲ ಇದ್ದೂ ತಪ್ಪು ನಿಂತೇ ಇತ್ತು ಎಂದ ಮೇಲೆ, ಬರೆದವರು ಯಾರು ಎಂಬ ಪ್ರಶ್ನೆಯನ್ನು ಹಿಡಿದು ಇಷ್ಟು ದೂರ ಬಂದದ್ದೇ ತಪ್ಪು ದಾರಿಯಾಗಿರಬೇಕು. ಕೇಳಬೇಕಾದದ್ದು ಇನ್ನೊಂದು: ತಪ್ಪೆಂದು ತಿಳಿದ ಮೇಲೆ ತಿದ್ದುವವರು ಯಾರು, ಎಲ್ಲಿ ನಿಂತು ತಿದ್ದಬೇಕು?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮುಂದಾಗಿ ವಾಟ್ಸ್‌ಆ್ಯಪ್‌ನಲ್ಲಿ ಓಡಿತು; ಮುರ್ಕಿ ಗ್ರಾಮದಲ್ಲಿ ಕಾದಿದ್ದ ಗುಂಪಿನ ಹೊಡೆತಕ್ಕೆ ಅವರಲ್ಲೊಬ್ಬ ಯುವಕ ಸತ್ತ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಹೇರಿತು. ಸುದ್ದಿಯ ವೇಗ ತಗ್ಗಿಸಲು ಯಂತ್ರಕ್ಕೆ ಬರುತ್ತದೆ. ಆದರೆ ಅಂಥ ಸಂದೇಶವನ್ನು ದಾಟಿಸಿದವರು, ಅದೇ ಗ್ರೂಪಿಗೆ ಮರಳಿ ಬಂದು ಅದು ಸುಳ್ಳೆಂದು ಬರೆಯುವಂತೆ ಮಾಡುವ ಶಕ್ತಿ ಯಾವ ಮಿತಿಗೂ ಇಲ್ಲ. ಸುಳ್ಳು ಹೋದ ಬೀದಿಯಲ್ಲೇ ತಿದ್ದುಪಡಿಯೂ ನಡೆದುಹೋಗಬೇಕಾಗುತ್ತದೆ, ಹಂಸಪಾದ ಬೀಳಬೇಕಾದದ್ದು ಅಕ್ಷರ ಬಿಟ್ಟುಹೋದ ಸಾಲಿನಲ್ಲೇ ಆದ್ದರಿಂದ.

ಈಗಿನ ರೂಢಿ ಬೇರೆ. ತಪ್ಪೆಂದು ತಿಳಿದವರು ಸಂದೇಶವನ್ನು ಸದ್ದಿಲ್ಲದೆ ತೆಗೆಯುತ್ತಾರೆ, ಆ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದುಬಣ್ಣದ ಸಾಲು ಉಳಿಯುತ್ತದೆ. ಕಳಿಸುವಾಗ ಇದ್ದ ‘ಲಾಗಿದೆ’ಯೇ ಅಳಿಸುವಾಗಲೂ ಬಂದು ಕೂರುತ್ತದೆ. ಕನ್ನಡದ ಕ್ರಿಯಾಪದಕ್ಕಾದರೋ ಕರ್ತೃವನ್ನು ತನ್ನ ತುದಿಯಲ್ಲೇ ಹೊತ್ತುಕೊಳ್ಳುವ ಶಕ್ತಿಯಿದೆ, ಸರ್ವನಾಮವೂ ಬೇಕಾಗುವುದಿಲ್ಲ. ‘ನಿನ್ನೆ ಸುಳ್ಳು ಕಳಿಸಿದ್ದೆ, ತಿದ್ದಿದ್ದೇನೆ’ ಎಂದು ಅದೇ ಗ್ರೂಪಿನಲ್ಲಿ, ಅದೇ ನೆಂಟರ ಎದುರು ಬರೆಯಲು ನಾಲ್ಕು ಪದ ಸಾಕು.