ಶಿಷ್ಯನ ವ್ಯಂಗ್ಯಚಿತ್ರವೂ ಉಳಿದುಕೊಂಡ ಒಂದು ಹಾಳೆಯೂ

ವ್ಯಂಗ್ಯಚಿತ್ರದ ಆಯುಷ್ಯ ಒಂದೇ ದಿನ ಎನ್ನುವವರಿದ್ದಾರೆ. ಬೆಳಿಗ್ಗೆ ನೋಡಿ ನಕ್ಕು, ಸಂಜೆ ಅದೇ ಕಾಗದದಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಬರುವ ವಸ್ತುವಿನ ಮೇಲೆ ಇಷ್ಟೇಕೆ ಮಮತೆ ಎಂದು ಅವರು ಕೇಳುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಅಜ್ಜಂಪುರ, ತರೀಕೆರೆ, ಕಡೂರುಗಳ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಮಾತು ಒಪ್ಪಿಗೆಯಾಗದು. ಚರಿತ್ರೆಯ ಪುಸ್ತಕ ನಾಲ್ಕು ಪುಟಗಳಲ್ಲಿ ಹೇಳಲಾಗದ ಒಂದು ಊರಿನ ಕಷ್ಟವನ್ನು ನಾಲ್ಕು ಗೆರೆಗಳು ಹೇಳಿಬಿಡುತ್ತವೆ. ಆದರೆ ಆ ಗೆರೆಗಳು ಉಳಿದಿರಬೇಕಷ್ಟೆ. ಉಳಿಸುವ ಹೊಣೆ ಯಾರದು ಎಂಬುದೇ ಈ ಲೇಖನದ ವಿಷಯ.

ಅಜ್ಜಂಪುರದ ಪ್ರೌಢಶಾಲೆಯಲ್ಲಿ ನಾನಿದ್ದಾಗ ತಿಂಗಳಿಗೊಂದು ಗೋಡೆ ಪತ್ರಿಕೆ ಹೊರಡಿಸುತ್ತಿದ್ದೆವು. ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿಗೇ ಸೇರಿದ ಊರು. ಒಂದು ಡ್ರಾಯಿಂಗ್ ಶೀಟು, ಹುಡುಗರ ದುಂಡಗಿನ ಕೈಬರಹ, ಮೈದಾ ಹಿಟ್ಟಿನ ಅಂಟು. ಇಷ್ಟೇ ನಮ್ಮ ಮುದ್ರಣಾಲಯ. ಪದ್ಯ ಬರೆಯಲು ಬಾರದೆಂದು ಅದರ ಬದಲಿಗೆ ಚಿತ್ರ ಬರೆದು ಕೊಡುತ್ತಿದ್ದ ಒಬ್ಬ ಹುಡುಗನಿದ್ದ. ಒಮ್ಮೆ ಅಮೃತಮಹಲ್ ಹೋರಿಯೊಂದು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತು ಹಾಜರಿ ಕರೆಯುತ್ತಿರುವಂತೆ ಚಿತ್ರಿಸಿದ್ದ. ಹೋರಿಯ ಮೂತಿಯಲ್ಲಿ ಅವರ ಹೋಲಿಕೆ ಚೆನ್ನಾಗಿಯೇ ಮೂಡಿತ್ತು. ನಾನು ಹೆದರಿದೆ. ಹಾಳೆಯನ್ನು ಮಡಿಸಿ ಅವನ ಕೈಗೇ ಕೊಟ್ಟು, "ಬೇರೆ ಏನಾದರೂ ಬರೆದುಕೊಂಡು ಬಾರಪ್ಪಾ" ಎಂದೆ. ಅವನಿಗೆ ಎದುರಾದ ಮೊದಲ ಸಂಪಾದಕ ನಾನು. ಅವನು ಕಂಡ ಮೊದಲ ನಿರಾಕರಣೆಯೂ ನನ್ನದೇ.

ಮುಂದೆ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ 'ಕೊರವಂಜಿ'ಯ ಹಳೆಯ ಸಂಚಿಕೆಗಳನ್ನು ನಾನು ತರಗತಿಯಲ್ಲಿ ತೋರಿಸಿದ್ದೆ, ಆರ್. ಕೆ. ಲಕ್ಷ್ಮಣ್ ತಮ್ಮ ಎಳವೆಯಲ್ಲಿ ಅದಕ್ಕೆ ಚಿತ್ರ ಬರೆದಿದ್ದರೆಂಬ ಸಂಗತಿ ಇವನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಅಂಚೆ ಚೀಟಿ ಹಚ್ಚಿದ ಮರುಲಕೋಟೆಯೊಡನೆ ವಾರಪತ್ರಿಕೆಗಳಿಗೆ ಚಿತ್ರ ಕಳಿಸುತ್ತಲೇ ಇದ್ದ. ಕೆಲವು ಹಿಂದಿರುಗಿದವು, ಹೆಚ್ಚಿನವು ಅದನ್ನೂ ಮಾಡಲಿಲ್ಲ.

ಅಷ್ಟರಲ್ಲಿ ಅಂತರ್ಜಾಲ ಬಂತು. ಭಾರತದ ಸಾರ್ವಜನಿಕರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಎರಡು ವರ್ಷ ಮೊದಲೇ, 1993ರಲ್ಲಿ, ಅಮೆರಿಕದ ಡೇವಿಡ್ ಫಾರ್ಲಿ 'ಡಾಕ್ಟರ್ ಫನ್' ಎಂಬ ವ್ಯಂಗ್ಯಚಿತ್ರವನ್ನು ಯಾವ ಪತ್ರಿಕೆಯ ಹಂಗೂ ಇಲ್ಲದೆ ಜಾಲದಲ್ಲಿ ಪ್ರಕಟಿಸತೊಡಗಿದ್ದರು. ಇದನ್ನು ಎಲ್ಲಿಯೋ ಓದಿದ ನನ್ನ ಶಿಷ್ಯ, ಉಚಿತವಾಗಿ ಜಾಗ ಕೊಡುತ್ತಿದ್ದ ಒಂದು ವಿದೇಶಿ ತಾಣದಲ್ಲಿ ತನ್ನದೊಂದು ಪುಟ ತೆರೆದು ವಾರಕ್ಕೊಂದು ಚಿತ್ರ ಹಾಕಲು ಆರಂಭಿಸಿದ.

2002ರ ದೀಪಾವಳಿಗೆ ಊರಿಗೆ ಬಂದವನು ನನ್ನನ್ನು ಕಡೂರು ಬಸ್ ನಿಲ್ದಾಣದ ಬಳಿಯ ಇಂಟರ್‌ನೆಟ್ ಕೇಂದ್ರಕ್ಕೆ ಕರೆದೊಯ್ದ. ಮೋಡೆಮ್ಮು ಕಿರುಗುಟ್ಟಿ, ಸಂಪರ್ಕ ಎರಡು ಬಾರಿ ಕಡಿದು, ಕೊನೆಗೆ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಸೂರ್ಯ. ಆಮೇಲೆ ಒಬ್ಬ ಅಧಿಕಾರಿಯ ಟೋಪಿ, ಕೊಡೆ, ಕಂಕುಳಲ್ಲಿ ಕಡತ. ಪಕ್ಕದಲ್ಲಿ ಟವೆಲು ಸುತ್ತಿದ ರೈತ. "ಎಲ್ಲಯ್ಯಾ ನಿಮ್ಮ ಕೆರೆ?" ಎಂದು ಅಧಿಕಾರಿಯ ಪ್ರಶ್ನೆ. ಬಹಳ ಹೊತ್ತಿನ ಮೇಲೆ ಬಿರುಕುಬಿಟ್ಟ ನೆಲ, ಅದರ ಮೇಲೆ ನಿಂತ ಜೀಪು, ಕಟ್ಟಕಡೆಗೆ ರೈತನ ಉತ್ತರ: "ತಾವು ನಿಂತಿರೋದೇ ಅದರ ನಡುಮಧ್ಯದಾಗೆ, ಸ್ವಾಮಿ."

ಅದು ಬರಗಾಲದ ವರ್ಷ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆಯಿರುವ ಕಡೂರು ಸೀಮೆಯಲ್ಲಿ ಊರೂರಿನ ಕೆರೆಗಳು ಒಣಗಿದ್ದವು. ನಾನು ನಕ್ಕೆ, ನಕ್ಕ ಮೇಲೆ ಮಾತು ಹೊರಡಲಿಲ್ಲ. ಈ ಚಿತ್ರ ನೋಡಿ ಅಮೆರಿಕದಲ್ಲಿದ್ದ ಬೀರೂರಿನವರೊಬ್ಬರು, "ನಮ್ಮೂರಿನ ಕೆರೆಯನ್ನೇ ಬರೆದಿದ್ದೀರಿ" ಎಂದು ಅವನಿಗೆ ಪತ್ರ ಬರೆದಿದ್ದರಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ದಿನಗಳಲ್ಲಿ ಜಾಲದಲ್ಲಿ ಕನ್ನಡ ಓದುವುದು ಸುಲಭವಿರಲಿಲ್ಲ. ಡಾ. ಯು. ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ'ವನ್ನು ಜಾಲದಲ್ಲಿ ತಂದಿದ್ದರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದಿತ್ತು. ಆದರೂ ಬರೆದವರ ಫಾಂಟು ಓದುವವರ ಯಂತ್ರದಲ್ಲಿಲ್ಲದಿದ್ದರೆ ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತಿದ್ದವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಹುಟ್ಟುವ ನದಿಯ ಹೆಸರಿನ 'ತುಂಗಾ' ಎಂಬ ಯೂನಿಕೋಡ್ ಫಾಂಟ್ ಇತ್ತಾದರೂ ಅದು ಹಳ್ಳಿಪಟ್ಟಣಗಳಿಗೆ ಮುಟ್ಟಲು ಕಾಲ ಹಿಡಿಯಿತು. ನನ್ನ ಶಿಷ್ಯನಿಗೆ ಈ ತೊಡಕೇ ಇರಲಿಲ್ಲ. ಅವನು ಮಾತನ್ನೂ ಕೈಯಿಂದಲೇ ಚಿತ್ರದೊಳಗೆ ಬರೆಯುತ್ತಿದ್ದ. ಯಾವ ಫಾಂಟೂ ಇಲ್ಲದ ಕಂಪ್ಯೂಟರಿನಲ್ಲೂ ಅವನ ಕನ್ನಡ ಕನ್ನಡವಾಗಿಯೇ ಕಾಣುತ್ತಿತ್ತು.

ಆದರೆ ಅಂದು ಕಾಪಾಡಿದ ಆ ಗುಣವೇ ಮುಂದೆ ಮುಳುವಾಯಿತು. ಚಿತ್ರದೊಳಗಿನ ಅಕ್ಷರವನ್ನು ಆಗಿನ ಹುಡುಕುಯಂತ್ರಗಳು ಓದಲಾರವು. ಕೆಲವು ವರ್ಷಗಳಲ್ಲಿ ಆ ಉಚಿತ ತಾಣ ಬಾಗಿಲು ಮುಚ್ಚಿತು. ಮುನ್ಸೂಚನೆ ಬಂದದ್ದು ಇವನು ಬಳಸುವುದನ್ನು ಬಿಟ್ಟಿದ್ದ ಹಳೆಯ ಮಿಂಚಂಚೆಗೆ. ಮೂಲ ಚಿತ್ರಗಳನ್ನು "ಹೇಗೂ ನೆಟ್ಟಿನಲ್ಲಿವೆಯಲ್ಲ" ಎಂಬ ಧೈರ್ಯದಿಂದ ಮನೆ ಬದಲಿಸುವಾಗ ರದ್ದಿಗೆ ಹಾಕಿದ್ದ. ನೂರಕ್ಕೂ ಮಿಕ್ಕಿದ ಚಿತ್ರಗಳು ಹೇಳಹೆಸರಿಲ್ಲದಂತೆ ಹೋದವು.

ಇದು ಅವನೊಬ್ಬನ ಕಥೆಯಲ್ಲ. 1994ರಲ್ಲಿ ಆರಂಭವಾಗಿ ಲಕ್ಷಾಂತರ ಜನರ ಸ್ವಂತ ಪುಟಗಳಿಗೆ ಮನೆಯಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಇಂಟರ್‌ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಒಂದಿಷ್ಟನ್ನು ಎತ್ತಿಟ್ಟುಕೊಂಡವು, ಎಲ್ಲವನ್ನೂ ಉಳಿಸಲಾಗಲಿಲ್ಲ. ಮುದ್ರಿತ ಪುಸ್ತಕಕ್ಕಾದರೆ 1954ರ ಕಾಯ್ದೆಯೊಂದರ ಕಾವಲಿದೆ: ಪ್ರಕಾಶಕನು ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕು. 1956ರ ತಿದ್ದುಪಡಿ ವೃತ್ತಪತ್ರಿಕೆಗಳನ್ನೂ ಅದರೊಳಗೆ ತಂದಿತು. ಜಾಲದಲ್ಲಿ ತಾನೇ ಪ್ರಕಟಿಸಿಕೊಂಡವನ ಕೃತಿಗೆ ಆ ಕಾವಲು ಇಲ್ಲ. ಸಂಪಾದಕನ ಅಂಕೆ ತಪ್ಪಿತೆಂದು ನಾವು ಹಿಗ್ಗಿದೆವು. ಸಂಪಾದಕನ ಹಿಂದೆಯೇ ಮುದ್ರಕ, ಕಡತ ಕಾಯುವ ಗುಮಾಸ್ತ, ಗ್ರಂಥಪಾಲಕ ಎಲ್ಲರೂ ಎದ್ದು ಹೋದದ್ದನ್ನು ಗಮನಿಸಲಿಲ್ಲ. ಅವರೆಲ್ಲರ ಕೆಲಸ ಈಗ ಚಿತ್ರ ಬರೆದವನ ಹೆಗಲಿಗೇ ಬಿದ್ದಿದೆ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಹೋರಿಯ ಚಿತ್ರವನ್ನು ಮಡಿಸಿಕೊಟ್ಟವನಿಗೆ ಆ ಮಾತು ಶೋಭಿಸದು. 2018ರಲ್ಲಿ ದೆಹಲಿಯ ಪತ್ರಿಕೆಯೊಂದು ತಮ್ಮ ಚಿತ್ರವನ್ನು ನಿರಾಕರಿಸಿದಾಗ ಕುಂದಾಪುರದ ಸತೀಶ್ ಆಚಾರ್ಯ ಅದನ್ನು ತಾವೇ ಜಾಲದಲ್ಲಿ ಜನರ ಮುಂದಿಟ್ಟರು. ಈ ದಾರಿ ಇಲ್ಲದಿದ್ದರೆ ಆ ಚಿತ್ರ ಮೇಜಿನ ಖಾನೆಯಲ್ಲೇ ಕೊಳೆಯುತ್ತಿತ್ತು. ಸ್ವಾತಂತ್ರ್ಯ ದೊಡ್ಡದು, ಅದನ್ನು ಬಿಟ್ಟುಕೊಡಬೇಕಿಲ್ಲ.

ಇಂದು ಮೊಬೈಲಿನಲ್ಲೇ ಚಿತ್ರ ಬರೆದು ಕ್ಷಣಾರ್ಧದಲ್ಲಿ ಹರಿಬಿಡುವ ಮಕ್ಕಳಿಗೆ ನನ್ನ ಮಾತು ಇಷ್ಟೇ. ನಿಮ್ಮ ಚಿತ್ರದ ಒಂದು ಪ್ರತಿಯನ್ನು ಒಳ್ಳೆಯ ಕಾಗದದಲ್ಲಿ ತೆಗೆಸಿಡಿ. ಹಿಂಬದಿಯಲ್ಲಿ ದಿನಾಂಕ, ಊರು, ಸಂದರ್ಭ ಬರೆಯಿರಿ. ಚಿತ್ರದೊಳಗಿನ ಮಾತನ್ನು ಯೂನಿಕೋಡಿನಲ್ಲೂ ಬೆರಳಚ್ಚು ಮಾಡಿ ಜೊತೆಗೆ ಹಾಕಿ. ನಾಳೆ ಹುಡುಕುವವರಿಗೆ ಸಿಗುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಲಿಸಿ ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ಗ್ರಂಥಪಾಲಕರೇ, ಅದನ್ನು "ಇದು ಪುಸ್ತಕವಲ್ಲ" ಎಂದು ಹಿಂದಿರುಗಿಸಬೇಡಿ.

ಅಂದು ಆ ಕೇಂದ್ರದಲ್ಲಿ ಹತ್ತು ರೂಪಾಯಿ ಕೊಟ್ಟು ಕೆರೆಯ ಚಿತ್ರದ ಒಂದು ಪ್ರಿಂಟ್ ತೆಗೆಸಿಕೊಂಡಿದ್ದೆ. ನಿಘಂಟಿನ ನಡುವೆ ಇಟ್ಟ ಆ ಹಾಳೆಯ ಬಣ್ಣ ಮಾಸಿದೆ. ರೈತನ ಉತ್ತರ ಮಾತ್ರ ಓದಬರುತ್ತದೆ. ನೂರು ಚಿತ್ರಗಳಲ್ಲಿ ಉಳಿದದ್ದು ಇದೊಂದೇ. ಕಳೆದ ಬಾರಿ ಮನೆಗೆ ಬಂದಾಗ ಅದನ್ನು ಅವನ ಕೈಗಿತ್ತೆ. ಬಹಳ ಹೊತ್ತು ನೋಡಿದ. ಹಳೆಯ ಗೋಡೆ ಪತ್ರಿಕೆಗಳ ಸುರುಳಿಯೂ ನನ್ನಲ್ಲಿದೆಯೆಂದು ತಿಳಿದು, "ಹೋರಿ ಚಿತ್ರ ಅದರಲ್ಲಿದೆಯಾ ಸಾರ್?" ಎಂದು ಕೇಳಿದ.

ಅದು ಅದರಲ್ಲಿ ಹೇಗಿದ್ದೀತು? ಅಂಟಿಸಲು ನಾನೇ ಬಿಟ್ಟಿರಲಿಲ್ಲವಲ್ಲ.