ರಬ್ಬರಿಗೆ ಜಿಪುಣತನ, ಟಿಂಕರಿಂಗಿಗೆ ಧಾರಾಳ

ಕೊಳೆ ರೋಗಕ್ಕೆ ಬೋರ್ಡೋ ಯಾವಾಗ ಹೊಡೀಬೇಕು ಅಂತ ನಮ್ಮಲ್ಲಿ ಯಾರಿಗೂ ಹೇಳಿಕೊಡೋದು ಬೇಡ. ಮಳೆ ಹಿಡಿಯೋಕೆ ಮುಂಚೆ. ಕಾಯಿ ಉದುರೋಕೆ ಶುರುವಾದ ಮೇಲೆ ಕೊನೆಗೌಡನ್ನ ಹುಡುಕಿಕೊಂಡು ಓಡಾಡಿದ್ರೆ ಹೋದ ಕಾಯಿ ಹೋದದ್ದೇ. ಅದೇ ಬುದ್ಧಿ ಅಂಗಳದಲ್ಲಿ ನಿಂತಿರೋ ಓಮ್ನಿ, ಜೀಪು, ಬೊಲೆರೊ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತೆ ಮಾರಾಯ್ರೆ? ಬಾಗಿಲಿನ ಬೀಡಿಂಗು ಬಿಸಿಲಿಗೆ ಬಿರಿದಿದೆ, ಕಿಟಕಿ ಗಾಜಿನ ಪಟ್ಟಿ ಎದ್ದು ನಿಂತಿದೆ. ಆದ್ರೂ "ಹಳೇ ಗಾಡಿ, ನೀರು ಬರೋದೇ ಬಿಡಿ" ಅಂತ ಕಾಲಡಿಗೆ ಒಂದು ಗೋಣಿಚೀಲ ಹಾಸಿ ಸುಮ್ಮನಾಗ್ತೀವಿ.

ಆ ಗೋಣಿಚೀಲವೇ ಗಾಡಿಗೆ ಶತ್ರು. ನೀರು ಹೀರಿಕೊಂಡು ಮಳೆಗಾಲ ಪೂರ್ತಿ ತಗಡನ್ನ ಒದ್ದೆಯಾಗಿಯೇ ಇಡುತ್ತೆ. ಅದರ ಮೇಲೆ ನಾವು ಸಾಗಿಸೋದೇನು? ಮೈಲುತುತ್ತ, ಪೊಟ್ಯಾಷ್. ಮೈಲುತುತ್ತ ಕಬ್ಬಿಣ ತಿನ್ನುತ್ತೆ ಅಂತ ಗೊತ್ತಿದ್ದೇ ಅದನ್ನ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸೋರು ನಾವು. ಪೊಟ್ಯಾಷ್ ಕೂಡ ಉಪ್ಪಿನ ಜಾತಿಯದ್ದೇ. ಒದ್ದೆ ತಗಡಿಗೆ ಇವೆರಡರ ಪುಡಿ ಬಿದ್ರೆ ತುಕ್ಕು ಹಿಡಿಯೋಕೆ ಬೇರೆ ಮುಹೂರ್ತ ಬೇಡ. ಆಮೇಲೆ ತಗಡು ಕತ್ತರಿಸು, ವೆಲ್ಡ್ ಮಾಡು, ಪುಟ್ಟಿ ಹಚ್ಚು, ಬಣ್ಣ ಹೊಡಿ. ಮೀಟರ್ ಲೆಕ್ಕದಲ್ಲಿ ಸಿಗೋ ರಬ್ಬರಿಗೆ ಚೌಕಾಸಿ ಮಾಡಿದ ಕೈಯೇ ಟಿಂಕರಿಂಗಿಗೆ ಅಡಿಕೆ ದುಡ್ಡು ಎಣಿಸುತ್ತೆ. 15 ವರ್ಷ ತುಂಬಿದ ಸ್ವಂತ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ತೂತು ಬಿದ್ದ ತಗಡನ್ನ ತೋರಿಸಿಕೊಂಡು ನಿಲ್ಲಬೇಕಾದೋರೂ ನಾವೇ.

ದುಡ್ಡಿನ ಮಾತು ಹಾಗಿರಲಿ. ಒಳಗೆ ಪಸೆ ಇದ್ರೆ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತೆ. ಮಳೆ ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ನಮ್ಮ ಕಡೆ ಹೊರಡೋದು ಇದೇ ಓಮ್ನಿ. ಘಟ್ಟದ ತಿರುವಿನಲ್ಲಿ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬಟ್ಟೆ ಹಿಡ್ಕೊಂಡು ಗಾಜು ಒರೆಸೋದು ಡ್ರೈವಿಂಗ್ ಅಲ್ಲ.

ಎರಡನೇ ಸಿಟ್ಟು ಟ್ಯೂಬಿನ ಮೇಲೆ. ಎಲ್ಲಿ ಸೋರಿದ್ರೂ ಸಿಲಿಕಾನ್ ಟ್ಯೂಬು ಒತ್ತಿಬಿಡೋದು. ವಿನೆಗರ್ ಥರ ಹುಳಿ ವಾಸನೆ ಬರೋ ಸಿಲಿಕಾನು ಒಣಗುವಾಗ ಆಮ್ಲ ಬಿಡುತ್ತೆ, ಬಣ್ಣ ಹೋದ ತಗಡಿಗೆ ಅದೇ ತುಕ್ಕು ತರುತ್ತೆ. ಮೇಲಾಗಿ, ಮುಂದೆ ಹೊಸ ಬೀಡಿಂಗು ಕೂರಿಸೋಕೆ ಹೋದ್ರೆ ಆ ಅಂಟನ್ನ ಕೆರೆದು ತೆಗೆಯೋದೇ ಅರ್ಧ ದಿನದ ಕೆಲಸ.

ಇನ್ನೂ ದೊಡ್ಡ ಅನ್ಯಾಯ ಬಾಗಿಲಿನ ಕೆಳಗಿನ ತೂತು ಮುಚ್ಚೋದು. ಗಾಜಿನ ಪಟ್ಟಿ ಹೊಸದಿದ್ರೂ ಸ್ವಲ್ಪ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತೆ. ಅದು ಹೊರಗೆ ಹೋಗಲಿ ಅಂತಲೇ ಕಂಪನಿಯವರು ಬಾಗಿಲಿನ ಅಡಿಯಲ್ಲಿ ಸಣ್ಣ ತೂತು ಇಟ್ಟಿರ್ತಾರೆ. ಅಲ್ಲಿ ಮಣ್ಣು ಕಟ್ಟಿದ್ರೆ, ಅಥವಾ ಪೇಂಟ್ ಮಾಡುವಾಗ ಪುಟ್ಟಿ ಮೆತ್ತಿದ್ರೆ, ಬಾಗಿಲು ಒಳಗಿನಿಂದಲೇ ಕೊಳೆಯುತ್ತೆ. ಹಾಗೇ ಗ್ಲಾಸ್ ಏರಿಸೋ ಮಶಿನ್ ರಿಪೇರಿ ಅಂತ ಒಳಗಿನ ಪ್ಯಾಡು ಬಿಚ್ಚಿದಾಗ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನ ಹರಿದು ಎಸೀತಾರೆ. ಬಾಗಿಲೊಳಗಿನ ನೀರು ಕಾಲಡಿಗೆ ಬರದ ಹಾಗೆ ತಡೆಯೋದು ಆ ಹಾಳೆಯೇ. "ಅದೇನೂ ಬೇಡ ಸಾರ್" ಅಂದ್ರೆ ಒಪ್ಪಬೇಡಿ. ಹಾಳೆ ಹರಿದಿದ್ರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಅಂಚು ಪೂರ್ತಿ ಅಂಟಿಸಿ ಅನ್ನಿ.

ಕಡಿಮೆ ಖರ್ಚಿನಲ್ಲಿ ಮಾಡೋದು ಅಂದ್ರೆ ಹೀಗೆ. ಮೊದಲು ಸೋರೋ ಜಾಗ ಹುಡುಕಿ. ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ, ಎಳೀರಿ. ಬಿಗಿಯಾಗಿ ಬಂದ್ರೆ ಸರಿ, ಸಲೀಸಾಗಿ ಜಾರಿದ್ರೆ ಅಲ್ಲಿ ರಬ್ಬರು ಹಿಡೀತಿಲ್ಲ. ಆಮೇಲೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಪೈಪಿನಲ್ಲಿ ಕೆಳಗಿನಿಂದ ಶುರುಮಾಡಿ ನಿಧಾನ ಮೇಲಕ್ಕೆ ನೀರು ಬಿಡಿ. ಮೊದಲೇ ಮೇಲಿಂದ ಸುರಿದ್ರೆ ಎಲ್ಲಿಂದ ಬಂತು ಅಂತ ತಿಳಿಯಲ್ಲ. ಸೋರೋ ಬಾಗಿಲಿಗೆ ಮಾತ್ರ ಹೊಸದು ಹಾಕಿ, ನಾಲ್ಕಕ್ಕೂ ಒಟ್ಟಿಗೆ ಬೇಕಿಲ್ಲ.

ಅಂಗಡಿಗೆ ಹೋಗುವಾಗ ಹಳೇ ಬೀಡಿಂಗಿನ ಗೇಣುದ್ದ ತುಂಡು ಕೈಯಲ್ಲಿರಲಿ. ಬಾಗಿಲ ಸುತ್ತಳತೆಯನ್ನ ಹುರಿಯಲ್ಲಿ ಅಳೆದು ಒಯ್ಯಿರಿ. ಮಾರುತಿ 800 ನಿಂತದ್ದು 2014ರಲ್ಲಿ, ಓಮ್ನಿ 2019ರಲ್ಲಿ, ಆದ್ರೆ ರಬ್ಬರು ಇವತ್ತಿಗೂ ಸಿಗುತ್ತೆ. ಇಪಿಡಿಎಂ ರಬ್ಬರು ಕೇಳಿ, ಬಿಸಿಲು ಮಳೆ ತಡೆಯೋದು ಅದೇ. ಮನೆ ಬಾಗಿಲಿಗೆ ಅಂಟಿಸೋ ಸ್ಪಂಜಿನ ಪಟ್ಟಿ ಅಗ್ಗ ಅಂತ ತರಬೇಡಿ, ಅದು ಇನ್ನೊಂದು ಗೋಣಿಚೀಲ ಅಷ್ಟೆ. ಗುಜರಿಯಿಂದ ಕ್ಲಿಪ್ಪು, ಪ್ಲಾಸ್ಟಿಕ್ ಪಟ್ಟಿ ತರಬಹುದು. ರಬ್ಬರು ಮಾತ್ರ ಬೇಡ, ಅದು ಆಗಲೇ ಬೇರೆ ಬಾಗಿಲಿಗೆ ಒತ್ತಿ ಚಪ್ಪಟೆಯಾಗಿರುತ್ತೆ.

ಹಾಕುವಾಗ ತಗಡಿನ ಅಂಚಿನ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಿಸಿ. ಬಾಗಿಲ ಚೌಕಟ್ಟಿನ ಕೆಳಗೆ, ನಡುವಿನಿಂದ ಶುರುಮಾಡಿ, ಜೋಡಣೆಯೂ ಅಲ್ಲೇ ಬರಲಿ. ಬೀಡಿಂಗನ್ನ ಎಳೀಬೇಡಿ. ಎಳೆದು ಕೂರಿಸಿದ್ದು ಆಮೇಲೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತೆ. ಮೂಲೆಯಲ್ಲಿ ಸ್ವಲ್ಪ ಸಡಿಲ ಬಿಟ್ಟು, ಕೈಯಲ್ಲೇ ಒತ್ತುತ್ತಾ ಹೋಗಿ. ಗಾಜು ಓಡಾಡೋ ಚಾನಲ್ಲಿನ ರಬ್ಬರಿಗೆ ಸೋಪಿನ ನೀರು ಹಚ್ಚಿದ್ರೆ ಸಲೀಸಾಗಿ ಕೂರುತ್ತೆ. ಮುಂದಿನ ದೊಡ್ಡ ಗಾಜು ಅಂಟಿನಲ್ಲಿ ಕೂತಿದ್ರೆ ಕೈ ಹಾಕಬೇಡಿ, ಅದು ಬಲ್ಲವರ ಕೆಲಸ.

ಹೊಳಪು ಬರಲಿ ಅಂತ ರಬ್ಬರಿಗೆ ಡೀಸೆಲ್, ಸೀಮೆಎಣ್ಣೆ, ಗ್ರೀಸು ಬಳಿಯೋ ಚಟ ಇವತ್ತೇ ಬಿಡಿ. ರಬ್ಬರು ಅದನ್ನ ಕುಡಿದು ಉಬ್ಬಿ ಮೆತ್ತಗಾಗುತ್ತೆ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಒಂದಿಷ್ಟು ಗ್ಲಿಸರಿನ್ ಸವರಿದ್ರೆ ಸಾಕು.

"ಮುಂದಿನ ವರ್ಷ ಮಾರ್ತೀನಲ್ಲ, ಯಾಕೆ ಖರ್ಚು?" ಅಂತ ಕೇಳೋರಿಗೆ ಒಂದೇ ಮಾತು. ಕೊಳ್ಳೋಕೆ ಬಂದವನು ಮೊದಲು ಮ್ಯಾಟು ಎತ್ತಿಯೇ ನೋಡ್ತಾನೆ. ಹೊಸ ಸೀಟ್ ಕವರು, ಸ್ಪೀಕರು, ಸ್ಟಿಕ್ಕರು ಯಾವುದೂ ಆ ತೂತು ಮುಚ್ಚಲ್ಲ. ಅವಕ್ಕೆ ಎತ್ತಿಟ್ಟ ದುಡ್ಡಲ್ಲಿ ಮೊದಲು ಬೀಡಿಂಗು ತನ್ನಿ. ಮೃಗಶಿರೆ ಹಿಡಿಯೋಕೆ ಮುಂಚೆ ಒಂದು ಒಣ ಭಾನುವಾರ ಸಿಕ್ಕಿದ್ರೆ ಕೆಲಸ ಮುಗೀತು. ಗೋಣಿಚೀಲ ಕೊಟ್ಟಿಗೆಗೆ ವಾಪಸ್ಸು ಹಾಕಿ.